ತೊಳೆದ ಗ್ಲೌಸ್

ಕಳೆದ ಆಷಾಢದಲ್ಲಿ ನಡೆದದ್ದು. ಒಮ್ಮೆ ತೊಟ್ಟು ಎಸೆಯಬೇಕಾದ ಗ್ಲೌಸನ್ನು ತೊಳೆದು ತಂತಿಯ ಮೇಲೆ ಒಣಹಾಕಬೇಕೆಂಬುದು ಆಸ್ಪತ್ರೆ ಅಡುಗೆಮನೆಯ ಮ್ಯಾನೇಜರ್ ಬೋರೇಗೌಡರ ಕಟ್ಟಪ್ಪಣೆ.

"ವಾರ್ಡಿನಲ್ಲಿ ಮತ್ತೆ ಭೇದಿ ಶುರುವಾಗಿದೆ ಸಾರ್," ಎಂದಳು ಬಡಿಸುವ ಸಾಕಮ್ಮ.

"ಸೋಪು ಹಾಕಿ ತೊಳೆದರೆ ಎಲ್ಲ ಶುದ್ಧ. ಆಗಲ್ಲ ಅಂದ್ರೆ ಮನೆಗೆ ನಡಿ."

ಮಧ್ಯಾಹ್ನ ಗೌಡರು ಊಟಕ್ಕೆ ಕೂತರು. ಬೆಳಿಗ್ಗೆ ಸಿಂಕಿನ ಕೊಳಕು ತೆಗೆದಿದ್ದ ಗ್ಲೌಸನ್ನು ಸಾಕಮ್ಮ ಅವರೆದುರೇ ಸೋಪು ಹಾಕಿ ತೊಳೆದು, ತೊಟ್ಟು, ಅವರ ಮೊಸರನ್ನ ಕಲಸಲು ಬಂದಳು.

"ಥೂ! ಹೊಸದು ಹಾಕ್ಕೊಳ್ಳೇ!" ಗೌಡರು ಕಪಾಟು ತೆಗೆದು ಒಂದು ಜೊತೆ ಎಸೆದರು.

ಸಾಕಮ್ಮ ಅದನ್ನು ತೊಟ್ಟು ವಾರ್ಡಿನ ತಟ್ಟೆಗಳಿಗೆ ಬಡಿಸತೊಡಗಿದಳು.

"ಮೊದಲು ನನಗೆ!"

"ರೋಗಿಗಳದ್ದು ಮುಗೀಲಿ ಸಾರ್. ಆಮೇಲೆ ಸೋಪು ಹಾಕಿ ತೊಳ್ಕೊಂಡು ಬರ್ತೀನಿ."

ಗೌಡರು ಉಣ್ಣದೆ ಎದ್ದರು. ಮರುದಿನದಿಂದ ಮನೆಯಿಂದಲೇ ಬುತ್ತಿ ತಂದರು. ಕಪಾಟಿಗೆ ಬೀಗ ಬಿತ್ತು. ತೊಳೆದ ಗ್ಲೌಸ್ ಈಗಲೂ ತಂತಿಯ ಮೇಲೆ ಒಣಗುತ್ತಲೇ ಇವೆ.