ಬಾಲ ಹಿಡಿಯುವ ನೀರು

ಬಹಳ ಹಿಂದೆ, ನಮ್ಮ ಅಜ್ಜಿಯ ಅಜ್ಜಿಗೂ ಹಲ್ಲು ಮೂಡದ ಕಾಲದಲ್ಲಿ, ಹೊಳೆ ಕಡಲು ಸೇರುವಲ್ಲಿ ಒಂದು ಊರಿತ್ತಂತೆ. ಅಲ್ಲಿಯ ನೀರಲ್ಲಿ ಮಾರಿ ಇದ್ದಾಳೆ, ದಾಟುವ ದೋಣಿಯ ಬಾಲ, ಅಂದರೆ ಹಿಂತುದಿ, ಹಿಡಿದು ಕಡಲಿಗೆ ಎಳೆಯುತ್ತಾಳೆ ಅಂತ ಊರೇ ನಂಬಿತ್ತಂತೆ. ಆ ಊರಿನ ಗಣಪಿ ಎಂಬವಳ ತಮ್ಮ ಹೊನ್ನ ಹಾಗೇ ಹೋದ. ಹುಟ್ಟು ಹಾಕುವುದರಲ್ಲಿ ಅವನನ್ನು ಮೀರಿಸುವವರೇ ಇರಲಿಲ್ಲ.

ಗಣಪಿಯ ಗಂಡ ಜಟ್ಟಿ ದೋಣಿ ಕಟ್ಟುವವನು. ಭಾವಮೈದ ಹೋದ ಮೇಲೆ ಅವನು ಊಟ ನಿದ್ದೆ ಬಿಟ್ಟು, ನೀರು ನಿಂತಿರುವ ಊರ ಕೆರೆಯ ದಂಡೆಯಲ್ಲೇ ಕೂತನಂತೆ. ಮರದ ತುಂಡಿಗೆ ದಾರ ಕಟ್ಟಿ, ದಾರವನ್ನು ರಾಟೆಯ ಮೇಲೆ ಹಾಯಿಸಿ, ತುದಿಗೆ ಕಲ್ಲು ತೂಗುಬಿಟ್ಟು ತುಂಡನ್ನು ನೀರಲ್ಲಿ ಎಳೆಸುತ್ತಿದ್ದ. ಗಣಪಿ ಪಕ್ಕದಲ್ಲಿ ಕೂತು ಎಣಿಸುತ್ತಿದ್ದಳು. ಒಂದು ಕಲ್ಲಿಗೆ ಒಂದು ವೇಗ. ಆ ವೇಗ ಇಮ್ಮಡಿಯಾಗಲು ಎರಡು ಕಲ್ಲು ಸಾಲಲಿಲ್ಲ, ಮೂರೂ ಸಾಲಲಿಲ್ಲ, ನಾಲ್ಕು ಬೇಕಾಯಿತಂತೆ. ತುಂಡಿನ ಹಿಂಬದಿಯನ್ನು ಮೀನಿನ ಹಾಗೆ ಸಪೂರ ಕೆತ್ತಿದರೆ ಕಡಿಮೆ ಕಲ್ಲು ಸಾಕಾಯಿತಂತೆ. ಮಾರಿ ಇಲ್ಲ ಅಂತ ಜಟ್ಟಿ ಒಮ್ಮೆಯೂ ಅನ್ನಲಿಲ್ಲ. ಅವಳ ಹಿಡಿತಕ್ಕೊಂದು ಲೆಕ್ಕ ಇದೆ ಅಂದನಂತೆ. ಅದನ್ನು ಕೇಳಿ, ಲೆಕ್ಕ ಇದ್ದರೆ ಮಾರಿಯೂ ನಿಜವೇ ಅಂತ ಗಣಪಿಗೆ ಇನ್ನಷ್ಟು ಹೆದರಿಕೆಯಾಯಿತು.

ಅವನು ಸಪೂರ ಬಾಲದ ದೋಣಿ ಕಟ್ಟಿದ. ಮಾರಿಯ ಹಿಡಿಯನ್ನೇ ಕತ್ತರಿಸಿದ್ದಾನೆ, ಅವಳು ಸುಮ್ಮನೆ ಬಿಡುತ್ತಾಳೆಯೇ ಅಂತ ಊರವರು ಬೆಚ್ಚಿದರು. ಹೊಸ ದೋಣಿಯ ಮೊದಲ ದಾಟುವಿಕೆಗೆ ಕಟ್ಟಿದವನು ದಂಡೆಯಲ್ಲಿ ನಿಲ್ಲಬೇಕು, ಅವನ ಹೆಂಡತಿ ಬಾಲದಲ್ಲಿ ಕೂರಬೇಕು, ಅದು ಅಲ್ಲಿನ ಕಟ್ಟಳೆ. ಗಣಪಿ ಕೂತಳು.

ನಡುನೀರಲ್ಲಿ ಉಬ್ಬರ ಇಳಿಯುವ ಸೆಳೆತ ದೋಣಿಯನ್ನು ಕಡಲ ಕಡೆ ತಿರುಗಿಸಿತು. ಹುಟ್ಟು ಹಾಕುವ ಇಬ್ಬರ ಮುಖ ಬಿಳಿಚಿತು. ಜೀವ ಕೈಯಲ್ಲಿ ಹಿಡಿದು ಬಿರುಸಾಗಿ ಎಳೆದರು. ಎಳೆದಷ್ಟೂ ನೀರು ಬಿಗಿಯಿತು, ತೋಳು ಸೋತವು. ಗಣಪಿಯ ಕಣ್ಣೆದುರು, ವೇಗ ಇಮ್ಮಡಿಸಲು ಬೇಕಾಗಿದ್ದ ಆ ನಾಲ್ಕು ಕಲ್ಲು ಬಂದವಂತೆ.

“ಸಾವಕಾಶ ಹಾಕ್ರೋ,” ಅಂದಳು. “ನೀವು ಹೆದರಿ ಓಡಿದಷ್ಟೂ ಆ ಮಾರಿ ಕೈಗೆ ಬಲ ಬತ್ತದೆ.”

ನಂಬಿದರೋ, ಸುಸ್ತಾಗಿತ್ತೋ, ಅಂತೂ ಅವರು ನಿಧಾನಕ್ಕೆ ಹಾಕಿದರು. ದೋಣಿ ಓರೆಯಾಗಿ ಜಾರುತ್ತಾ ಜಾರುತ್ತಾ, ಕಡಲ ಬಾಯಿ ಮುಟ್ಟುವ ಮೊದಲೇ ಆಚೆ ದಡದ ಮರಳು ಹಿಡಿಯಿತು. ಗಣಪಿ ಹಿಂದಿರುಗಿ ನೋಡಿದಳು. ದೋಣಿ ಸೀಳಿ ಬಂದ ನೀರು ಬಾಲದ ಹಿಂದೆ ಸದ್ದಿಲ್ಲದೆ ಕೂಡಿಕೊಂಡಿತ್ತು. ಹಿಡಿದವರು ಯಾರೂ ಇರಲಿಲ್ಲ.

ಮನೆಗೆ ಬಂದವಳು ಗಂಡನನ್ನು ಒಂದೇ ಮಾತು ಕೇಳಿದಳಂತೆ: “ಹಂಗಾರೆ ನನ್ನ ತಮ್ಮನ್ನ ಹಿಡಿದದ್ದು ಅವನ ಹೆದರಿಕೆಯೇನು?”



ಈಗಲೂ ಅಲ್ಲಿ ದೋಣಿಯ ಬಾಲದಲ್ಲಿ ಒಬ್ಬ ಹೆಂಗಸು ಕೂರುತ್ತಾಳೆ. ಅವಳು ಜಟ್ಟಿಯ ಹೆಸರೆತ್ತಿ “ಸಾವಕಾಶ” ಅನ್ನುವವರೆಗೆ ಯಾರೂ ಹುಟ್ಟು ಮುಟ್ಟುವುದಿಲ್ಲ. ಬಾಲ ಹಿಡಿದವರು ಇದ್ದಾರೋ ಇಲ್ಲವೋ ಅಂತ ದಾಟುವಾಗ ಹಿಂದಿರುಗಿ ನೋಡುವ ಧೈರ್ಯ ಮಾತ್ರ ಇವತ್ತಿಗೂ ಯಾರಿಗೂ ಇಲ್ಲ.