ಬೆಟ್ಟದವರ ಡೋಲು

“ಗುರುಗಳೇ, ಹಿರಿಯರು ಕಲಿಸಿದ ಹಾಡುಗಳನ್ನು ಒಂದಕ್ಷರವೂ ಬಿಡದೆ ಹಾಡಿಕೊಂಡು ಬಂದಿದ್ದೇನೆ. ಅರ್ಥ ಗೊತ್ತಿಲ್ಲ, ನಿಜ. ಆದರೂ ಅವರ ಋಣ ತೀರಿದ ಹಾಗೆ ಅಲ್ಲವೇ?” ಎಂದು ಶಿಷ್ಯ ಚೆನ್ನವೀರ ಕೇಳಿದ.

ಬಲು ಬೇಗ ತೀರಿಸಿಬಿಟ್ಟೆಯಪ್ಪ ಎಂದು ಗುರುಗಳು ನಕ್ಕರು. ಕೂತುಕೋ ಎಂದು ಕತೆ ಹೇಳತೊಡಗಿದರು.

ಕಡಲಾಚೆ ಒಂದು ದ್ವೀಪ. ಆಫ್ರಿಕಾದ ಜನರನ್ನು ಹಿಡಿದು ತಂದು ಅಲ್ಲಿನ ಕಬ್ಬಿನ ತೋಟಗಳಲ್ಲಿ ದನದ ಹಾಗೆ ದುಡಿಸುತ್ತಿದ್ದರು. ಕೆಲವರು ತಪ್ಪಿಸಿಕೊಂಡು ಬೆಟ್ಟ ಹತ್ತಿದರು, ಅಲ್ಲೇ ಊರು ಕಟ್ಟಿದರು. ಅವರಿಗೆ ಮರೂನರೆಂದು ಹೆಸರು. ಸೈನ್ಯ ಎಷ್ಟು ಸಲ ಬಂದರೂ ಅವರು ಬಗ್ಗಲಿಲ್ಲ. ಕೊನೆಗೆ ತೋಟದ ದೊರೆಗಳೇ ರಾಜಿಗೆ ಬಂದರು. ಬೆಟ್ಟ ನಿಮಗೇ ಇರಲಿ, ನಿಮ್ಮ ತಂಟೆಗೆ ಬರುವುದಿಲ್ಲ. ಇನ್ನು ಮೇಲೆ ಓಡಿಬಂದವರನ್ನು ಮಾತ್ರ ಹಿಡಿದು ನಮಗೆ ಒಪ್ಪಿಸಿ ಎಂದರು. ಬೆಟ್ಟದವರಿಗೆ ಕಾದಾಡಿ ಸಾಕಾಗಿತ್ತು, ಪಾಪ. ಹೂಂ ಅಂದುಬಿಟ್ಟರು.

ಆ ಊರಿನಲ್ಲಿ ಕ್ವಾಬೆನಾ ಎಂಬ ಡೋಲಿನವನಿದ್ದ. ಅಜ್ಜ ಕಲಿಸಿದ ಒಂದು ಬಡಿತವನ್ನು ದಿನವೂ ಹೊತ್ತು ಮುಳುಗುವಾಗ ಬಾರಿಸುತ್ತಿದ್ದ. ಅದು ಆಫ್ರಿಕಾದಿಂದ ಬಂದ ಬಡಿತ. ಅಲ್ಲಿ ಡೋಲು ಮಾತಾಡುತ್ತದೆ, ಕೇಳುವವನಿಗೆ ಆ ಭಾಷೆ ಗೊತ್ತಿರಬೇಕು ಅಷ್ಟೆ. ಬೆಟ್ಟದಲ್ಲೇ ಹುಟ್ಟಿದ ಕ್ವಾಬೆನಾನಿಗೆ ಗೊತ್ತಿರಲಿಲ್ಲ. ಸತ್ತ ಹಿರಿಯರಿಗೆ ಸಲ್ಲುವ ಪೂಜೆ ಎಂದುಕೊಂಡಿದ್ದ. ಒಂದು ಪೆಟ್ಟು ಹೆಚ್ಚುಕಡಿಮೆಯಾದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಬಲು ಹೆಮ್ಮೆಯ ಆಸಾಮಿ.

ಒಂದು ಸಂಜೆ ಅವನು ಬಾರಿಸುತ್ತಿದ್ದಾಗ ಕಾಡಿನಿಂದ ಒಬ್ಬ ನೆಟ್ಟಗೆ ನಡೆದು ಬಂದ. ಬೆನ್ನ ತುಂಬ ಚಾಟಿಯ ಗಾಯ. ಅಡಗಲೂ ಇಲ್ಲ, ಅಂಜಲೂ ಇಲ್ಲ. ನೆಂಟರ ಮನೆಗೆ ಬಂದವನ ಹಾಗೆ ಡೋಲಿನ ಪಕ್ಕದಲ್ಲಿ ಕಾಲು ಚಾಚಿ ಕೂತ. ಊರವರು ಹಗ್ಗದಿಂದ ಅವನ ಕೈ ಕಟ್ಟಿದರು. ಬೆಳಿಗ್ಗೆ ಅವನನ್ನು ತೋಟಕ್ಕೆ ಒಪ್ಪಿಸಿ ಬರುವ ಕೆಲಸ ಕ್ವಾಬೆನಾನ ಪಾಲಿಗೆ ಬಂತು.

ಇಬ್ಬರೂ ಬೆಟ್ಟ ಇಳಿದರು. ತೋಟ ಕಣ್ಣಿಗೆ ಬಿದ್ದಾಗ ಕ್ವಾಬೆನಾ ತಡೆಯಲಾರದೆ ಕೇಳಿದ. “ಓಡಿಬಂದವರು ನಮ್ಮನ್ನು ಕಂಡರೆ ಅಡಗುತ್ತಾರೆ. ನೀನು ಯಾಕೆ ನಮ್ಮೂರಿಗೇ ಬಂದೆ?”

“ನೀನೇ ಕರೆದೆಯಲ್ಲ” ಎಂದ ಅವನು. “ಕಡಲು ದಾಟುವ ಮುಂಚೆ ನಾನಿದ್ದ ಊರಿನಲ್ಲೂ ಕಾಡಿನಲ್ಲಿ ದಾರಿ ತಪ್ಪಿದವರನ್ನು ಹೀಗೇ ಬಾರಿಸಿ ಕರೆಯುತ್ತಾರೆ. ಬಾ, ಇಲ್ಲಿ ಬೆಂಕಿ ಇದೆ, ಊಟ ಇದೆ, ನಿನ್ನನ್ನು ಯಾರೂ ಮುಟ್ಟುವುದಿಲ್ಲ ಎಂದಿತು ನಿನ್ನ ಡೋಲು. ನಂಬಿ ಬಂದೆ.”

ಅಜ್ಜನ ಕಾಲದಲ್ಲಿ ಓಡಿಬಂದವರೆಲ್ಲ ಈ ಸದ್ದನ್ನು ಹಿಡಿದೇ ಬೆಟ್ಟ ಹತ್ತಿದ್ದರು ಎಂದು ಕ್ವಾಬೆನಾನಿಗೆ ಆಗ ಹೊಳೆಯಿತು. ಹಗ್ಗದ ತುದಿ ತನ್ನ ಕೈಯಲ್ಲೇ ಇತ್ತು, ಸುತ್ತ ಯಾರೂ ಇರಲಿಲ್ಲ. ಬಿಟ್ಟರೆ ರಾಜಿ ಮುರಿಯುತ್ತದೆ, ಸೈನ್ಯ ಬರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಆ ಮನುಷ್ಯನ ಮುಖ ನೋಡಲು ನಾಚಿಕೆಯಾಯಿತು. ತಲೆ ತಗ್ಗಿಸಿಕೊಂಡೇ ಹೋಗಿ ಒಪ್ಪಿಸಿ ಬಂದ.

ಸಂಜೆ ಊರವರು ಕಾದು ಕೂತಿದ್ದರು. ಡೋಲಿನ ಮುಂದೆ ಕೂತ ಕ್ವಾಬೆನಾನಿಗೆ ಕೈ ಏಳಲಿಲ್ಲ. ಕಾರಣ ಕೇಳಿದರೆ ಹೇಳಲು ಮುಖವಿರಲಿಲ್ಲ. ತೋಳು ನೋವು ಎಂದು ಸುಳ್ಳು ಹೇಳಿ ಎದ್ದು ಹೋದ. ಸಾಯುವವರೆಗೂ ಮತ್ತೆ ಆ ಬಡಿತ ಬಾರಿಸಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಚೆನ್ನವೀರ ಮೆಲ್ಲಗೆ, “ಹಾಗಾದರೆ ನಾನೂ ಹಾಡುವುದನ್ನು ಬಿಟ್ಟುಬಿಡಲೇ?” ಎಂದ.

“ಅವನು ಬಿಡಬೇಕಿದ್ದದ್ದು ಹಗ್ಗವನ್ನು ಕಣಪ್ಪ” ಎಂದರು ಗುರುಗಳು.