ಮತ ಹಾಕದವಳ ಮನೆ

ಮತದಾರರ ಮೇಲೆ ಸಂಶೋಧನೆ ಮಾಡುತ್ತಿದ್ದ ನಾಗವೇಣಿಗೆ ಅವಳ ಗುರುಗಳು ಒಂದು ನಿಯಮ ಹಾಕಿಕೊಟ್ಟಿದ್ದರು. "ಮತ ಹಾಕಿದ್ದೀರಾ ಅಂತ ಮೊದಲು ಕೇಳು. ಹಾಕಿದವರಿಗೆ ಪೂರ್ತಿ ಪ್ರಶ್ನೆ. ಹಾಕಿಲ್ಲ ಅಂದರೆ ನಮಸ್ಕಾರ ಹೇಳಿ ಮುಂದಿನ ಮನೆಗೆ ಹೋಗು." ದೊಡ್ಡವರ ಮಾತು. ನಾಗವೇಣಿ ಚಾಚೂ ತಪ್ಪದೆ ಪಾಲಿಸಿದಳು.

ಚುನಾವಣೆ ಮುಗಿದ ವಾರವೇ ಅವಳು ಗದಗದ ಒಂದು ಓಣಿಗೆ ಬಂದಳು. ಗುರುತಿಲ್ಲದ ಊರು, ಲಾಡ್ಜಿನ ಕೋಣೆ. ದಿನವಿಡೀ ಊರವರನ್ನೆಲ್ಲ ಮಾತಾಡಿಸಿದರೂ "ಊಟ ಆಯ್ತಾ?" ಎಂದು ಅವಳನ್ನು ಕೇಳುವವರು ಒಬ್ಬರೂ ಇರಲಿಲ್ಲ.

ಓಣಿಯ ಕೊನೆಯಲ್ಲಿ ಗಿರಿಜವ್ವ ಎಂಬ ಹೊಲಿಗೆಯವಳು ಒಬ್ಬಳೇ ಇದ್ದಳು. "ಮತ ಹಾಕೀನ್ರಿ, ಕುಂದರ್ರಿ" ಎಂದು ಚಾಪೆ ಹಾಸಿದಳು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು, ಕೇಳದ್ದಕ್ಕೂ ಕೊಟ್ಟಳು. ನಾಗವೇಣಿಗೆ ಖುಷಿಯೋ ಖುಷಿ. ಇಂಥವರು ನಾಲ್ಕು ಜನ ಸಿಕ್ಕರೆ ಪಿಎಚ್‌ಡಿ ಕೈಗೆ ಬಂದಂತೆಯೇ! ಅಷ್ಟರಲ್ಲಿ ಗಿರಿಜವ್ವ ಚಹಾ ತಂದು ಮುಂದಿಟ್ಟಳು. ಅವಳ ಎಡಗೈ ತೋರುಬೆರಳಲ್ಲಿ ಶಾಯಿಯ ಗುರುತೇ ಇರಲಿಲ್ಲ.

"ನೀವು ಮತ ಹಾಕಿಲ್ಲ, ಅಲ್ವಾ?"

ಗಿರಿಜವ್ವ ತಲೆ ತಗ್ಗಿಸಿದಳು. "ಹಾಕಿಲ್ರಿ. ಹಾಕಿಲ್ಲ ಅಂದವ್ರ ಮನ್ಯಾಗ ನೀವು ಕುಂದ್ರೂದೇ ಇಲ್ಲ. ನಿನ್ನೆ ಎದುರು ಮನ್ಯಾಗ ನೋಡೀನಿ. ಹೊಲಿಯಾಕ ಅರಿವಿ ಕೊಡಾಕ ಬಂದವ್ರೂ ನನ್ನ ಹೊಸ್ತಿಲ ದಾಟಂಗಿಲ್ರಿ. ಒಂಚೂರು ಕುಂದರ್ಲಿ ಅಂತ ಸುಳ್ಳ ಹೇಳಿದೆ."

ನಾಗವೇಣಿ ಇಕ್ಕಟ್ಟಿಗೆ ಸಿಕ್ಕಿದಳು. ಸುಳ್ಳು ಉತ್ತರ ಇಟ್ಟುಕೊಂಡರೆ ಸಂಶೋಧನೆ ಕೆಡುತ್ತದೆ. ನಿಯಮದಂತೆ ಎದ್ದು ಹೋದರೆ ಈ ಹೆಂಗಸಿನ ಮನಸ್ಸು ಮುರಿಯುತ್ತದೆ. ಬರೆದುಕೊಂಡದ್ದನ್ನೆಲ್ಲ ಅವಳು ಹೊಡೆದುಹಾಕಿದಳು. ಗಿರಿಜವ್ವ ಸರಿದು ಬಾಗಿಲಿಗೆ ದಾರಿ ಬಿಟ್ಟಳು. ನಾಗವೇಣಿ ಏಳಲಿಲ್ಲ.

"ಯಾಕೆ ಹಾಕಲಿಲ್ಲ?" ಎಂದು ಕೇಳಿದಳು. ಗುರುಗಳು ಕೊಟ್ಟ ಪ್ರಶ್ನೆಗಳಲ್ಲಿ ಇದು ಇರಲೇ ಇಲ್ಲ.

"ಈ ಓಣಿ ಹೆಣ್ಮಕ್ಕಳು ಕೂಡೇ ಹೋಗೂದು ಪದ್ಧತಿ ರೀ. ಒಬ್ಬಾಕಿ ಕರೀತಾಳ, ಎಲ್ಲಾರೂ ಹೊಂಡ್ತಾರ. ನಾನು ಹೊಸಾಕಿ. ಛಲೋ ಸೀರಿ ಉಟ್ಟು ಬಾಗಿಲಾಗ ನಿಂತಿದ್ದೆ, ಯಾರರೆ 'ಬಾ' ಅಂತಾರೇನೋ ಅಂತ. ಯಾರೂ ಅನಲಿಲ್ಲ."

ನಾಗವೇಣಿಯ ಕಣ್ಣು ತುಂಬಿತು. ತಾನು ನಮಸ್ಕಾರ ಹೇಳಿ ದಾಟಿ ಬಂದ ಮನೆಗಳೆಲ್ಲ ನೆನಪಾದವು. ಅಲ್ಲಿಯೂ ಯಾರು ಯಾರು ಹೀಗೆ ನಿಂತಿದ್ದರೋ! ಮರುದಿನ ಬೆಳಿಗ್ಗೆ ಅವಳು ಆ ಮನೆಗಳ ಬಾಗಿಲನ್ನೇ ಮೊದಲು ತಟ್ಟಿದಳು.

ನೀತಿ: ಬಾರದವರನ್ನು ಲೆಕ್ಕದಿಂದ ಬಿಡುವುದು ಸುಲಭ. ಯಾಕೆ ಬರಲಿಲ್ಲ ಎಂದು ಪಕ್ಕದಲ್ಲಿ ಕೂತು ಕೇಳಿದವರಿಗೇ ಊರು ಅರ್ಥವಾಗುತ್ತದೆ. ಮುಂದಿನ ಸಲ ಮತ ಹಾಕಲು ಹೊರಟಾಗ, ಬಾಗಿಲಲ್ಲಿ ನಿಂತವರನ್ನು ಒಮ್ಮೆ "ಬನ್ನಿ" ಎಂದು ಕರೆಯಿರಿ.